ಅಡಾಪ್ಟ್ ಯಾರು, ಅಡ್ಯಾಪ್ಟ್ ಯಾರು

೨೦೨೪ರ ಫೆಬ್ರವರಿ ಒಂಬತ್ತು, ಬೆಳಗಿನ ಏಳು ಗಂಟೆ. ಅಷ್ಟರಲ್ಲಿ ಕರು ಹನ್ನೊಂದು ಸಲ ಒದೆ ತಿಂದಿತ್ತು. ರಾಮಚಂದ್ರಪ್ಪ ಎಣಿಸಿದ್ದರು.

ರಾಬರ್ಟ್‌ಸನ್‌ಪೇಟೆಯಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿ ನಿವೃತ್ತರಾದ ಅವರು ಬೇತಮಂಗಲದ ಬಳಿಯ ಊರಿನಲ್ಲಿ ಒಂದು ಸೀಮೆಹಸು ಸಾಕಿದ್ದರು. ಅದು ಈದು ಎರಡು ದಿನ. ಹುಟ್ಟಿದ ಕರು ಅಂದೇ ಸತ್ತಿತ್ತು. ಪಕ್ಕದ ಮನೆಯ ಮಂಗಮ್ಮನದು ಇದರ ತಿರುಗುಮುರುಗು: ಹಸು ಹಾವು ಕಚ್ಚಿ ಸತ್ತು, ಐದು ದಿನದ ಕರು ಉಳಿದಿತ್ತು. ಆ ಕರುವನ್ನು ಇಲ್ಲಿಗೆ ತಂದಿದ್ದರು. ಅದು ಬಾಟಲಿಗೆ ಬಾಯಿ ಹಾಕಲೊಲ್ಲದು. ಮಧ್ಯಾಹ್ನದೊಳಗೆ ಹಾಲು ಇಳಿಯದಿದ್ದರೆ ಉಳಿಯದು ಎಂದು ಬಂಗಾರಪೇಟೆಯ ಪಶುವೈದ್ಯರು ಫೋನಿನಲ್ಲಿ ಹೇಳಿಬಿಟ್ಟಿದ್ದರು.

ಸೊಸೆ ಅಂಬಿಕ ಕೊಟ್ಟಿಗೆಯ ಬಾಗಿಲಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. ಶಿಕ್ಷಕರ ಅರ್ಹತಾ ಪರೀಕ್ಷೆಗೆ ಅವಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದವರು ಮಾವನೇ.

"ಅಡಾಪ್ಟ್ ಅಂದ್ರೆ ಪರರದನ್ನ ನಮ್ಮದಾಗಿ ಮಾಡ್ಕೊಳ್ಳೋದು. ಅಡ್ಯಾಪ್ಟ್ ಅಂದ್ರೆ ಇರೋದಕ್ಕೆ ಹೊಂದ್ಕೊಳ್ಳೋದು. ನಾಲ್ಕನೇ ಸಲ ಹೇಳ್ತಿದೀನಮ್ಮ."

"ಬಾಯಿಪಾಠ ಬತ್ತದೆ ಮಾವ, ತಲೆಗೆ ಓಗಲ್ಲ. ಅದಿರ್ಲಿ, ಕರುನ ಏನ್ ಮಾಡಿದ್ರಿ? ಘಮ್ಮಂತೈತೆ!"

"ಸೋಪು ಹಾಕಿ ತೊಳೆದೆ. ಹೊಸ ಮನೆಗೆ ಶುಚಿಯಾಗಿ ಬರಲಿ ಅಂತ."

ಅಂಬಿಕ ಸೆರಗನ್ನು ಬಾಯಿಗೊತ್ತಿಕೊಂಡಳು. "ಅಯ್ಯೋ, ಅಸು ನೋಡೋದು ಮೂಗಲ್ಲಿ ಮಾವ! ಮದುವೆಗಂಡಿನ ಥರ ಮಿಂದು ಬಂದ್ರೆ ಒದೀದೆ ಇನ್ನೇನ್ ಮಾಡ್ತದೆ?"

ಸತ್ತ ಕರುವನ್ನು ಒರೆಸಿದ್ದ ಗೋಣಿಚೀಲ ಮೂಲೆಯಲ್ಲಿ ಬಿದ್ದಿತ್ತು. ಅದರಿಂದ ಕರುವಿನ ಬೆನ್ನನ್ನೆಲ್ಲ ತಿಕ್ಕಿ, ಮೇಲೊಂದು ಹಿಡಿ ಉಪ್ಪು ಸವರಿದಳು. ತವರಿನಲ್ಲಿ ಅಜ್ಜಿ ಮಾಡುತ್ತಿದ್ದ ಕೆಲಸ. ಹಸು ಮೂಸಿತು. ಮತ್ತೊಮ್ಮೆ ಮೂಸಿತು. ಆಮೇಲೆ ನೆಕ್ಕತೊಡಗಿತು, ಗಂಟಲೊಳಗೇ ಸಣ್ಣಗೆ ಕರೆಯಿತು.

ಈಗ ಕರುವಿಗೆ ತೊಡಕು. ಅದರ ತಾಯಿಯದು ಮೇಲಕ್ಕಂಟಿದ ಚಿಕ್ಕ ಕೆಚ್ಚಲು. ಈ ಹಸುವಿನದು ಮೊಣಕಾಲಿನವರೆಗೂ ಜೋತಿತ್ತು. ಕರು ಗಾಳಿಗೆ ಬಾಯಿ ಹಾಕಿತು, ಪಕ್ಕೆ ಚೀಪಿತು, ಬೇಸತ್ತು ನಿಂತಿತು. ಕೊನೆಗೆ ಮುಂಗಾಲು ಮಡಿಸಿ, ಮಂಡಿಯೂರಿ, ಮೊಲೆ ಹಿಡಿಯಿತು. ಬಾಲ ಆಡಿತು.

"ಅಸು ಅಡಾಪ್ಟ್ ಮಾಡ್ಕೊಂತು, ಕರು ಅಡ್ಯಾಪ್ಟ್ ಆಯ್ತು," ಎಂದಳು ಅಂಬಿಕ.

"ಸರಿಯುತ್ತರ," ಎಂದರು ರಾಮಚಂದ್ರಪ್ಪ. ಅವರ ಬಳಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಕರುವಿಗೆ ಎಷ್ಟು ಕೊಡಬೇಕೆಂದು ಬೇಲಿಯಾಚೆಗೆ ಕೇಳಿದರೆ ಮಂಗಮ್ಮ ರೇಗಿದಳು. "ಬದುಕಿಸ್ದೋರ ಅತ್ರ ಬೆಲೆ ಕೇಳ್ತಾರಾ ಮೇಷ್ಟ್ರೇ? ಒಂದು ಚೊಂಬು ಗಿಣ್ಣಾಲು ಕಳ್ಸಿ, ತೀರ್ತು."

ಕರು ಕುಡಿದು ಮಿಕ್ಕ ಗಿಣ್ಣುಹಾಲನ್ನು ಕರೆದು ಅವರೇ ಒಯ್ದು ಕೊಟ್ಟರು. ಸಂಜೆ ಚೊಂಬು ಮರಳಿ ಬಂತು. ಹಾಲು ತಂದ ಪಾತ್ರೆಯನ್ನು ಬರಿದಾಗಿ ಕಳಿಸಬಾರದೆಂದು ಮಂಗಮ್ಮ ಎರಡು ಅಚ್ಚು ಬೆಲ್ಲ ಹಾಕಿದ್ದಳು. ಬಾಕಿ ಮತ್ತೆ ರಾಮಚಂದ್ರಪ್ಪನವರ ಮೇಲೆಯೇ ನಿಂತಿತು.