ಹಸಿ ಗೋಡೆ

ನನ್ನ ಅಳಿಯ ಫರ್ಮಿನ್ ಒಳ್ಳೆಯವನೇ, ಆದರೆ ಕೆಳಗಿನ ಬೆಚ್ಚನೆಯ ಕಣಿವೆಯವನು. ನಮ್ಮ ಕಡುಚಳಿಗಾಲವಾದ ಜೂನ್ ತಿಂಗಳಲ್ಲೂ ಹಗಲು ಹೊತ್ತು ತಿತಿಕಾಕಾ ಬಯಲಿನ ಬಿಸಿಲು ಬೆನ್ನು ಸುಡುವುದನ್ನು ನೋಡಿ, ತಾನು ಕಟ್ಟುತ್ತಿದ್ದ ಹೊಸ ಮನೆಯ ಗೋಡೆ ಬೇಗ ಒಣಗುತ್ತದೆ ಎಂದುಕೊಂಡ. ಊರವರೆಲ್ಲ ಆಲೂಗಡ್ಡೆಯನ್ನು ಹೆಪ್ಪುಗಟ್ಟಿಸಿ ಒಣಗಿಸಲು ಬಯಲಲ್ಲಿ ಹರವಿದ ದಿನವೇ ಇವನು ಹಸಿ ಇಟ್ಟಿಗೆಯ ಕೊನೆಯ ಸಾಲು ಇಟ್ಟು, ಮೇಲೆ ಕೆಸರು ಮೆತ್ತಿದ. ನಾನು ಅಕ್ಕನ ಊರಿಗೆ ಹೋಗಿದ್ದೆ. ಇದ್ದಿದ್ದರೆ ಬಾಂಡ್ಲಿ ಕಿತ್ತು ಎಸೆಯುತ್ತಿದ್ದೆ.

ಮಗಳು ನೀವೆಸ್ ತುಂಬು ಬಸುರಿ. ಅತ್ತಿಗೆಯ, ಅಂದರೆ ನನ್ನ ಸೊಸೆಯ, ಚುಚ್ಚುಮಾತು ನುಂಗುತ್ತಾ ನನ್ನ ಮನೆಯ ಮೂಲೆಯಲ್ಲಿದ್ದವಳು. “ಅವ್ವ, ಹೆರೋದಾದ್ರೂ ನಂದೇ ಬಾಗ್ಲು ಹಾಕ್ಕೊಂಡು ಹೆರ್ತೀನಿ” ಎನ್ನುತ್ತಿದ್ದಳು.

ಸಂಜೆ ನಾನು ಬಂದಾಗ ಆಕಾಶದಲ್ಲಿ ಒಂದು ಮೋಡವಿಲ್ಲ, ಗಾಳಿಯಿಲ್ಲ. ರಾತ್ರಿ ಹಿಮ ಕೂರುವುದು ಖಂಡಿತ.

“ಅಯ್ಯೋ ಪುಣ್ಯಾತ್ಮ! ಗೋಡೆ ಒಳಗಿನ ನೀರು ಗಡ್ಡೆ ಕಟ್ಟಿ ಉಬ್ಬುತ್ತೆ ಕಣೋ. ನಾಳೆ ಬಿಸ್ಲು ಬಿದ್ರೆ ಎಲ್ಲಾ ಪುಡಿ!”

ಫರ್ಮಿನ್ ಬೆಂಕಿ ಹಾಕಿ ಗೋಡೆ ಬೆಚ್ಚಗಿಡುತ್ತೇನೆಂದು ಹಟ್ಟಿಯಿಂದ ಲಾಮಾಗಳ ಒಣ ಹಿಕ್ಕೆ ತಂದು ಉದ್ದಕ್ಕೂ ಸುರಿದ. ಅಷ್ಟರಲ್ಲಿ ಸತುರ್ನಿನಾ ಅಜ್ಜಿ ಏದುಸಿರು ಬಿಡುತ್ತಾ ಬಂದಳು. ಒಂಟಿ ಹೆಂಗಸು, ಅವಳ ಆಲೂಗಡ್ಡೆ ಆ ಗೋಡೆಯ ಕೆಳಗಿನ ಬಯಲಲ್ಲೇ ಹರಡಿತ್ತು. ಈ ದಿನಗಳಲ್ಲಿ ನಮ್ಮೂರಲ್ಲಿ ಯಾರೂ ಹೊರಗೆ ಬೆಂಕಿ ಹಾಕುವುದಿಲ್ಲ. ಹೊಗೆ ಕವಿದರೆ ಹಿಮ ಕೂರುವುದಿಲ್ಲ, ಆಲೂಗಡ್ಡೆ ಹೆಪ್ಪುಗಟ್ಟುವುದಿಲ್ಲ.

“ಏನೇ ದೊಮಿತಿಲಾ, ನಿನ್ನ ಅಳಿಯ ಚಳೀನೇ ಓಡಿಸ್ತಾನಂತೆ! ನನ್ನ ಆಲೂಗಡ್ಡೆ ಕೊಳ್ತು ಹೋದ್ರೆ ವರ್ಷವಿಡೀ ಏನು, ಅವನ ಟೋಪಿ ಬೇಯಿಸ್ಕೊಂಡು ತಿನ್ಲಾ?”

ಫರ್ಮಿನ್ ಬೆಂಕಿಪೊಟ್ಟಣ ಹಿಡಿದು ಹೆಂಡತಿಯ ಮುಖ ನೋಡಿದ. ನೀವೆಸ್ ಗೋಡೆಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

“ಬೇಡ ಬಿಡು. ಅವಳಿಗೆ ಅದು ಬಿಟ್ರೆ ಇನ್ನೇನಿದೆ?”

ಮನೆಯ ಕಂಬಳಿ, ಹುಲ್ಲು ಎಲ್ಲ ಹೊದಿಸಿದೆವು. ಒಂದು ಬದಿಗೂ ಸಾಲಲಿಲ್ಲ.

ಬೆಳಿಗ್ಗೆ ಅಜ್ಜಿಯ ಆಲೂಗಡ್ಡೆ ಚೆನ್ನಾಗಿ ಹೆಪ್ಪುಗಟ್ಟಿ ಕಲ್ಲಾಗಿತ್ತು. ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಬಿಸಿಲೇರಿದಂತೆ ಮೆತ್ತಿದ ಮಣ್ಣು ಹಿಟ್ಟಿನಂತೆ ಉದುರಿತು. ಮಧ್ಯಾಹ್ನಕ್ಕೆ ಬಾಗಿಲ ಕಡೆಯ ಗೋಡೆ ಪೂರಾ ಕುಸಿಯಿತು. ನೀವೆಸ್ ಅಲ್ಲೇ ಕೂತು ಗೋಳೋ ಎಂದು ಅತ್ತಳು. ಫರ್ಮಿನ್ ಉದುರಿದ ಮಣ್ಣನ್ನು ಬೊಗಸೆಯಲ್ಲಿ ಹಿಡಿದು ನಿಂತಿದ್ದ, ಅವನನ್ನು ಬೈಯಲೂ ಮನಸ್ಸಾಗಲಿಲ್ಲ.

ಆಗ ಸತುರ್ನಿನಾ ಅಜ್ಜಿ ಬಂದಳು. ಈ ಸಲ ಕುಹಕವಿಲ್ಲ. ಸೊಂಟದಿಂದ ಒಂದು ಕೀಲಿ ಬಿಚ್ಚಿ ಮಗಳ ಕೈಗಿಟ್ಟಳು.

“ನನ್ನ ಮನೇಲಿ ಬೀದಿ ಕಡೆ ಕೋಣೆಗೆ ಬೇರೆ ಬಾಗ್ಲಿದೆ. ನಿನ್ನ ಗೋಡೆ ಮತ್ತೆ ಏಳೋವರೆಗೂ ಅಲ್ಲಿರು, ಅಲ್ಲೇ ಹೆರು. ಕೀಲಿ ನಿನ್ನ ಹತ್ರಾನೇ ಇರ್ಲಿ ಮಗಳೇ. ನಾನೂ ಬಾಗ್ಲು ತಟ್ಟೇ ಒಳಗೆ ಬರ್ತೀನಿ.”