ಇಪ್ಪತ್ತಮೂರನೆಯ ಬಸ್ಸು

ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ತಗಡು ಬಡಿದು ನಿವೃತ್ತನಾದ ಅವನನ್ನು ಎಲ್ಲರೂ ಕರೆಯುತ್ತಿದ್ದುದು ರಿವೆಟ್ ಎಂದೇ. ಹಳೆಯ ಬಸ್ಸೊಂದು ಎದುರಿಗೆ ನಿಂತರೆ ಸಾಕು, ತಗಡು ಜೋಡಿಸಿದ ರಿವೆಟ್‌ಗಳ ಸಾಲು ನೋಡಿ ಅದು ಯಾವ ಮಾದರಿ, ಯಾವ ವರ್ಷದ್ದು, ಆಮೇಲೆ ಯಾರ್‍ಯಾರು ಕೈಹಾಕಿ ಕೆಡಿಸಿದ್ದಾರೆ ಎಂದು ಹೇಳಿಬಿಡುತ್ತಿದ್ದ. "ನಾನು ಕನ್ನಡಕ ಬದಲಾಯ್ಸಿ ವಾರ ಆಯ್ತು, ಇವರಿಗೆ ಇನ್ನೂ ಕಂಡಿಲ್ಲ. ಬಸ್ಸಿನ ಒಂದು ಬೋಲ್ಟ್ ಬದಲಾಯ್ಸಿ ನೋಡಿ!" ಎಂದು ಹೆಂಡತಿ ಬಂದವರೆದುರು ನಗುತ್ತಿದ್ದಳು.

ಅವನ ಭಾವ, ಅಕ್ಕನ ಗಂಡ, ಬಸ್ ಡ್ರೈವರ್ ಆಗಿದ್ದವನು. ಆರು ವರ್ಷದ ಹಿಂದೆ ಗುಜರಿಯಿಂದ ಒಂದು ಬಸ್ಸನ್ನು ಎಳೆಸಿಕೊಂಡು ಬಂದು ಹಿತ್ತಲಲ್ಲಿ ನಿಲ್ಲಿಸಿದ್ದ. ನಡುವೆ ಬಾಗಿಲಿದ್ದ, ದೂರದ ಪ್ರಯಾಣಕ್ಕೆಂದೇ ಕಟ್ಟಿದ ಮಾದರಿ. ಕಾರ್ಖಾನೆ ಅಂಥವನ್ನು ಕಟ್ಟಿದ್ದು ಇಪ್ಪತ್ತಮೂರೇ. ಇಪ್ಪತ್ತೆರಡು ಗುಜರಿಗೆ ಹೋಗಿದ್ದಕ್ಕೆ ದಾಖಲೆಯಿತ್ತು. ಉಳಿದ ಒಂದು ಇದೇ ಎಂದು ಭಾವ ನಂಬಿದ್ದ.

ಸೊಂಟ ಮುರಿದು, ಮಾತೂ ಬೇಡವಾಗಿ ಹಾಸಿಗೆ ಹಿಡಿದಿದ್ದ ಅಕ್ಕ ಎದ್ದು ಕೂತದ್ದು ಆ ಬಸ್ಸು ಬಂದ ಮೇಲೆಯೇ. ನಲವತ್ತೊಂದು ಸೀಟಿಗೂ ತಾನೇ ಕೂತು ಗವಸು ಹೊಲಿದಳು. ತಮ್ಮ ಬಂದಾಗಲೆಲ್ಲ ಬಸ್ಸಿನ ಮೇಲೆ ಟಾರ್ಪಾಲಿರುತ್ತಿತ್ತು. "ಪೂರ್ತಿ ಆಗ್ಲಿ, ಆಮೇಲೆ ನೋಡುವಿಯಂತೆ," ಎಂದು ಭಾವ ತಪ್ಪಿಸುತ್ತಿದ್ದ.

ಕೊನೆಗೆ ಸಾರಿಗೆ ಸಂಗ್ರಹಾಲಯದವರು ಬಸ್ಸನ್ನು ಕೇಳಿದರು. ಮುಂದಿನ ಹಾಲ್‌ನಲ್ಲಿ ನಿಲ್ಲಿಸಿ, ಗಂಡ ಹೆಂಡತಿ ಇಬ್ಬರ ಹೆಸರನ್ನೂ ಬರೆಸುವುದಾಗಿ ಹೇಳಿದರು. ಆದರೆ ಬಲ್ಲವರೊಬ್ಬರು ಪರೀಕ್ಷಿಸಬೇಕಿತ್ತು. "ನನ್ನ ತಮ್ಮ ಇರೋವಾಗ ಬೇರೆಯವರು ಯಾಕೆ?" ಎಂದು ಅಕ್ಕ ಪಟ್ಟು ಹಿಡಿದಳು. ಆ ಮಾದರಿಯ ಮೇಲೆ ಕೆಲಸ ಮಾಡಿದವರಲ್ಲಿ ಉಳಿದಿದ್ದವನು ಅವನೊಬ್ಬನೇ ಆದ್ದರಿಂದ ಅವರೂ ಒಪ್ಪಿದರು.

ಆ ದಿನ ಬೆಳಿಗ್ಗೆ ಸಂಗ್ರಹಾಲಯದ ಅಧಿಕಾರಿಣಿ ಕಡತ ಹಿಡಿದು ಬಂದಳು. ಬಸ್ಸು ಹೊಸ ಬಣ್ಣದಲ್ಲಿ ಥಳಥಳ ಹೊಳೆಯುತ್ತಿತ್ತು. ರಿವೆಟ್ ಒಂದು ಸುತ್ತು ಹಾಕಿದ. ಕಿಟಕಿಯ ಕಂಬವನ್ನು ಬೆರಳಿನಿಂದ ತಟ್ಟಿ ಕಿವಿಗೊಟ್ಟ. ಆ ಮಾದರಿಯಲ್ಲಿರುತ್ತಿದ್ದ, ತಗಡು ಹೊದಿಸಿದ ಮರದ ಕಂಬದ ಸದ್ದಲ್ಲ ಅದು, ಕಬ್ಬಿಣದ ಕೊಳವೆಯ ಸದ್ದು. ಟಾರ್ಚ್ ಹಿಡಿದು ಬಸ್ಸಿನಡಿ ತೂರಿದ. ಸಾಮಾನ್ಯ ಬಸ್ಸೊಂದರ ಚಾಸಿ ಚೌಕಟ್ಟನ್ನು ಕತ್ತರಿಸಿ, ನಡುವೆ ಎರಡಡಿ ತುಂಡು ಸೇರಿಸಿ ವೆಲ್ಡಿಂಗ್ ಮಾಡಿದ್ದರು. ನಂಬರಿನ ಅಚ್ಚಿದ್ದ ಜಾಗವನ್ನು ಉಜ್ಜಿ ನುಣ್ಣಗೆ ಮಾಡಿದ್ದರು. ಬಸ್ಸಿನ ಮುಂದಿನ ಮುಖ ಮಾತ್ರ ಅಸಲಿ. ಯಾವುದೋ ಕಾಲದಲ್ಲಿ ಆ ಮಾದರಿಯದೊಂದರಿಂದ ಕಿತ್ತು ತಂದು ಕೂರಿಸಿದ್ದು.

ಭಾವ ಪಕ್ಕದಲ್ಲಿ ತೆವಳಿಕೊಂಡು ಬಂದ.

"ಕಾಣಿಸ್ತಾ?"

"ನಿಮಗೆ ಗೊತ್ತಿತ್ತಾ ಭಾವ?"

"ಎರಡನೇ ವರ್ಷ ಬಣ್ಣ ಕೆರೆದಾಗ ಗೊತ್ತಾಯ್ತು. ಅಷ್ಟೊತ್ತಿಗೆ ಅವಳು ಹತ್ತು ಸೀಟು ಹೊಲಿದಿದ್ಲು. ಯಾವ ಬಾಯಲ್ಲಿ ಹೇಳ್ಲಿ?"

"ಸಂಗ್ರಹಾಲಯದವರಿಗೆ ಬೇಡ ಅನ್ನಬಹುದಿತ್ತಲ್ಲ?"

"ಕಾಗದ ಬರೆದಿದ್ದೇ ಅವಳು. ಅವರ ಉತ್ತರ ಬಂದ ಮೇಲೇ ನನಗೆ ತಿಳಿದಿದ್ದು."

ಸುಳ್ಳು ಹೇಳೋಣವೆಂದರೆ, ಸಂಗ್ರಹಾಲಯದಲ್ಲಿ ಬಸ್ಸನ್ನು ಜಾಕಿನ ಮೇಲೆ ಎತ್ತಿದ ದಿನವೇ ಬಯಲಾಗುತ್ತಿತ್ತು. ಆಗ ಅಕ್ಕನ ಮಾನ ಹತ್ತು ಜನರೆದುರು ಹೋಗುತ್ತಿತ್ತು. ಅವನು ಹೊರಗೆ ಬಂದು, ಮಂಡಿಯ ಮಣ್ಣು ಕೊಡವಿಕೊಂಡು, ಅಧಿಕಾರಿಣಿಗೆ ಹೇಳಿದ: "ಇದು ಆ ಬಸ್ಸಲ್ಲ ಮೇಡಂ. ಬೇರೆಯದ್ದನ್ನ ಹೀಗೆ ಮಾಡಿದ್ದಾರೆ."

ಅಕ್ಕ ಊರುಗೋಲು ಬಿಗಿಹಿಡಿದಳು. "ಇನ್ನೊಂದ್ಸಲ ನೋಡು."

"ಅಕ್ಕಾ..."

"ಸರಿಯಾಗಿ ನೋಡೋ! ಅವಸರ ಮಾಡ್ಬೇಡ."

ಅವನು ಮತ್ತೆ ಬಸ್ಸಿನಡಿ ಹೋದ. ನೋಡುವುದಕ್ಕೇನೂ ಉಳಿದಿರಲಿಲ್ಲ. ಟಾರ್ಚ್ ಆರಿಸಿ ಸುಮ್ಮನೆ ಅಂಗಾತ ಮಲಗಿದ. ಅಕ್ಕನ ಪಾದ, ಕೋಲಿನ ತುದಿ ಆಚೆಗೂ ಈಚೆಗೂ ಓಡಾಡುವುದು ಕಾಣುತ್ತಿತ್ತು. ಎದ್ದು ಬಂದಾಗ ಅವನ ಮುಖ ನೋಡಿಯೇ ಅವಳು ಗಂಡನ ಕಡೆ ತಿರುಗಿದಳು.

"ನೀವಾದ್ರೂ ಹೇಳಿ ಅವನಿಗೆ."

ಭಾವ ನೆಲ ನೋಡುತ್ತ ನಿಂತ. ಅಕ್ಕ ಗಂಡನನ್ನೇ ದಿಟ್ಟಿಸಿದಳು. ಅವಳ ಮುಖದಲ್ಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. "ಓಹೋ," ಎಂದಷ್ಟೇ ಹೇಳಿ, ಒಂದೊಂದೇ ಹೆಜ್ಜೆಯಿಟ್ಟು ಒಳಗೆ ಹೋದಳು. ಕೈಹಿಡಿಯಲು ಹೋದ ತಮ್ಮನನ್ನು ಕೋಲಿನಿಂದಲೇ ತಡೆದಳು.

ಅಧಿಕಾರಿಣಿ ಕಡತ ಮುಚ್ಚಿದಳು. "ಕೆಲಸ ಮಾತ್ರ ತುಂಬಾ ಚೆನ್ನಾಗಿದೆ," ಎಂದಳು. ಆ ಮಾತು ಯಾರಿಗೂ ಬೇಕಿರಲಿಲ್ಲ.

ಎರಡು ತಿಂಗಳ ಮೇಲೆ ಭಾವ ಫೋನ್ ಮಾಡಿದ. ಯಾರೋ ಬಸ್ಸನ್ನು ಹೆದ್ದಾರಿ ಪಕ್ಕ ನಿಲ್ಲಿಸಿ ಹೋಟೆಲ್ ಮಾಡುತ್ತಾರಂತೆ.

"ಕೊಟ್ಟುಬಿಡ್ಲೇನೋ?"

"ಅಕ್ಕನ್ನ ಕೇಳಿ ಭಾವ."

"ಕೇಳ್ದೆ. ನಿಮ್ಮ ಬಸ್ಸು, ನಿಮ್ಮಿಷ್ಟ ಅಂದ್ಲು."

"ಒಂದು ನಿಮಿಷ ಅವಳಿಗೆ ಫೋನ್ ಕೊಡ್ತೀರಾ?" ಎಂದ.

ಬಹಳ ಹೊತ್ತು ಕಾದ. ಆ ಕಡೆ ಕುರ್ಚಿ ಸರಿದ ಸದ್ದು, ಪಿಸುಮಾತು. ಕೊನೆಗೆ ಭಾವನ ದನಿಯೇ ಬಂತು.

"ಮಲಗಿದ್ದಾಳಪ್ಪ."

ಬೆಳಗಿನ ಹನ್ನೊಂದು ಗಂಟೆಯಾಗಿತ್ತು. "ಎಬ್ಬಿಸ್ಬೇಡಿ, ಬಿಡಿ," ಎಂದು ಅವನು ಫೋನ್ ಇಟ್ಟ.