‘ಅದಕ್ಕೆ ಮುಂಚೆ’ ಎನ್ನುವ ಕಾಲಂ

ಕಚ್ — ಇದು ಕಿವಿಯ ಮೇಲಿನದು, ಅಲ್ಲಿ ಕೂದಲು ತೆಳು, ಸದ್ದೂ ತೆಳು, ಬಚ್ಚಲುಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದೇನೆ, ಒಳಗೆ ನನ್ನ ಎಂಟು ವರ್ಷದ ಮಗಳು ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಿದ್ದಾಳೆ, ಇಪ್ಪತ್ತು ವರ್ಷ ಕಟಿಂಗ್ ಶಾಪಿನಲ್ಲಿ ನಿಂತವನಿಗೆ ಬಾಗಿಲಾಚೆಯಿಂದಲೂ ತಿಳಿಯುತ್ತದೆ ಕತ್ತರಿ ತಲೆಯ ಯಾವ ಕಡೆ ಇದೆ ಎಂದು — ನನ್ನ ಕತ್ತರಿಯಲ್ಲ, ಪುಣ್ಯ, ನನ್ನವು ಅಂಗಡಿಯಲ್ಲೇ ಇವೆ, ಇದು ಶಾಲೆಯ ಮೊಂಡು ಕತ್ತರಿ, ತುದಿ ಗುಂಡಗಿರುವುದು, ಕಾಗದವನ್ನೇ ನೆಟ್ಟಗೆ ಕತ್ತರಿಸದು, ಕೂದಲನ್ನು ಅಗಿಯುತ್ತದೆ ಅಷ್ಟೆ — ಕಚ್. ಬಾಗಿಲಿಗೆ ಒಂದು ಸಲ ಭುಜ ಕೊಟ್ಟರೆ ಸಾಕು, ಚಿಲಕ ಮೊದಲೇ ಸಡಿಲ. ಕೊಡುವುದಿಲ್ಲ. ಒಂದೇ ಮಾತು ಹೇಳಿ, ಆಮೇಲೆ ಸುಮ್ಮನಿರಿ, ಅಂದಿದ್ದರು ಕೌನ್ಸೆಲರ್ ಮೇಡಂ, ಅವಳ ಕಿರುಚಾಟಕ್ಕೆ ನಿಮ್ಮದೂ ಸೇರಿಸ್ಬೇಡಿ. ಹೇಳಿ ಆಯಿತು, ನಾನು ಇಲ್ಲೇ ಹೊರಗೆ ಕೂತಿರ್ತೀನಿ ಚಿನಕುರಳಿ, ಕತ್ತರಿ ಕಣ್ಣಿನ ಹತ್ರ ಮಾತ್ರ ತರಬೇಡ — ಎರಡು ಮಾತಾಯಿತು, ಇರಲಿ. ಹೋಗು! ಅಂದಳು, ಏನೋ ಎಸೆದಳು, ಮಗ್ಗು ಇರಬೇಕು. ಕೋಪ ನನಗೂ ನೆತ್ತಿಗೇರಿತ್ತು, ಈಗ ಇಳಿಯುತ್ತಿದೆ.

ಹಠಮಾರಿ ಮಕ್ಕಳ ಅಪ್ಪ ಅಮ್ಮಂದಿರಿಗೆಂದು ಮೇಡಂ ನಡೆಸುವ ಆ ತರಗತಿಗೆ ಹೋಗುವುದಿಲ್ಲ ಎಂದಿದ್ದೆ, ಶನಿವಾರ ಸಂಜೆ ಗಿರಾಕಿ ಬರುವ ಹೊತ್ತು, ಹಠ ಮಾಡೋದು ಅವಳು, ಪಾಠ ನನಗಾ? ಹೆಂಡತಿ ಅಂದಳು, ಊರವರ ಮಕ್ಕಳನ್ನೆಲ್ಲ ಕುರ್ಚಿ ಮೇಲೆ ಕೂರಿಸಿ ನಗಿಸ್ತೀರಲ್ಲ, ನಿಮ್ಮ ಮಗಳು ಮಾತ್ರ ನೀವು ಮನೆಗೆ ಬಂದ ತಕ್ಷಣ ಯಾಕೆ ಸಿಡೀತಾಳೆ? ಹೋದೆ. ಮೇಡಂ ಎಲ್ಲ ತಂದೆ ತಾಯಂದಿರಿಗೂ ಒಂದೊಂದು ಹಾಳೆ ಕೊಟ್ಟರು, ಮೂರು ಕಾಲಂ, ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ನೀವೇನು ಮಾಡಿದಿರಿ. ಎರಡನೆಯದನ್ನು ಕಾದಂಬರಿಯ ಹಾಗೆ ಬರೆದೆ, ತಟ್ಟೆ ಎಸೆದಳು, ನನ್ನ ಮೊಣಕೈ ಕಚ್ಚಿದಳು, ಮೂರನೆಯದರಲ್ಲಿ ಗದರಿದೆ, ಗದರಿದೆ, ಕೈ ಎತ್ತಿದೆ — ಹೊಡೀಲಿಲ್ಲ ಮೇಡಂ, ಎತ್ತಿದೆ ಅಷ್ಟೆ — ಮೊದಲನೆಯದರಲ್ಲಿ ಎರಡು ವಾರವೂ ಒಂದೇ ಪದ, ಸುಮ್ಮನೆ. ಮೇಡಂ ಬೈಯಲಿಲ್ಲ, ಬೈದಿದ್ದರೆ ನಿರಾಳವಾಗುತ್ತಿತ್ತು, ನೀವು ಮಗಳಾಗಿ ಅಂದರು, ಪಕ್ಕದಲ್ಲಿದ್ದ ಬಸ್ ಕಂಡಕ್ಟರ್ ಅಕ್ಕನನ್ನು ಕರೆದು ನೀವು ಅಪ್ಪ ಆಗಿ ಅಂದರು, ಮನೆಗೆ ಬಂದ್ಕೂಡ್ಲೆ ಏನು ಮಾಡ್ತೀರೋ ಇವರಿಗೆ ಹೇಳಿಕೊಡಿ. ಏನಿಲ್ಲ, ಚಪ್ಪಲಿ ಬಿಡ್ತೀನಿ, ಕೈ ತೊಳೀತೀನಿ, ಅವಳನ್ನ ನೋಡ್ತೀನಿ, ಹೀಗೆ — ಎಂದು ಗಾಳಿಯಲ್ಲಿ ಎರಡು ಬೆರಳು ಎತ್ತಿ ತೋರಿಸಿದೆ, ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುವುದು, ಏನಿದು ಅವತಾರ ಅನ್ನುವುದು. ಅಕ್ಕ ಹಾಗೇ ಮಾಡಿದರು. ಟಿಕೆಟ್ ಹರಿದು ಹರಿದು ಒರಟಾದ ಬೆರಳು, ನನ್ನ ಗಲ್ಲ, ಮುಖ ತಿರುಗಿತು, ನನ್ನನ್ನು ಕೇಳದೆ ತಿರುಗಿತು, ಏನಿದು ಅವತಾರ — ಮೈಯೆಲ್ಲ ಉರಿದುಹೋಯಿತು, ಬಿಡ್ರೀ! ಎಂದೆ, ಮೊಮ್ಮಗನಿಗಾಗಿ ತರಗತಿಗೆ ಬರುವ ಅಜ್ಜನೊಬ್ಬ ಹಿಂದಿನ ಸಾಲಿನಲ್ಲಿ ಎದ್ದೇ ನಿಂತ. ಎಲ್ಲರೂ ನಕ್ಕರು, ನಾನೂ ನಕ್ಕೆ, ಮನೆ ದಾರಿಯಲ್ಲಿ ನಗು ಬರಲಿಲ್ಲ.

ಗಲ್ಲ ತಿರುಗಿಸುವುದು ನನ್ನ ಕಸುಬು, ದಿನಕ್ಕೆ ಮೂವತ್ತು ಗಲ್ಲ, ಎಡಕ್ಕೆ, ಬಲಕ್ಕೆ, ಒಂಚೂರು ಕೆಳಗೆ, ಯಾರೂ ತುಟಿಪಿಟಕ್ ಅನ್ನುವುದಿಲ್ಲ, ಅವರು ಅದಕ್ಕೆಂದೇ ಬಂದು ಕೂತವರು, ಇವಳು ಹಾಗೆ ಬಂದು ಕೂತವಳಲ್ಲ, ನನ್ನ ಚಪ್ಪಲಿ ಸದ್ದಿಗೆ ಓಡಿ ಬರುತ್ತಾಳೆ, ಮುಖ ಎತ್ತುತ್ತಾಳೆ, ನನಗೆ ಕಾಣುವುದು ಬೈತಲೆ ಸೊಟ್ಟಗಿದೆ ಎಂಬುದು, ಎಂಥ ಅಪ್ಪ ನಾನು. ಇದು ಗೊತ್ತಾದ ಮೇಲೆ ಐದು ದಿನ ಕೈ ಜೇಬಿನಲ್ಲಿಟ್ಟುಕೊಂಡೇ ಒಳಗೆ ಬಂದೆ, ಐದು ದಿನ ಮನೆ ತಣ್ಣಗಿತ್ತು, ಇವತ್ತು ಮರೆತೆ. ಅಪ್ಪಾ ಇಲ್ಲಿ ನೋಡು, ಎಂದು ಏನನ್ನೋ ಹಿಡಿದು ತಂದಳು, ಏನದು, ಅದನ್ನೂ ನೋಡಲಿಲ್ಲ, ಬೆರಳು ಹೋಗಿ ಗಲ್ಲ ಹಿಡಿದಾಗಿತ್ತು. ನನ್ ತಲೆ ಅದು! ಕೂದ್ಲೇ ಇಲ್ದಿದ್ರೆ ಮುಟ್ಟಲ್ವಲ್ಲ ನೀನು!

ಸದ್ದು ನಿಂತಿದೆ. ಹಠ ನಿಂತ ಕೂಡಲೇ ಹೊಗಳಿ ಅಂದಿದ್ದರು ಮೇಡಂ, ಏನಂತ ಹೊಗಳಲಿ, ಚೆನ್ನಾಗಿ ಕತ್ತರಿಸಿದೀಯ ಅಂತಲೇ? ಕತ್ತರಿ ಕೆಳಗಿಟ್ಟೆಯಲ್ಲ, ಒಳ್ಳೇದಾಯ್ತು ಮಗಳೇ. ಗಲ್ಲ ಹಿಡಿದದ್ದು ನನ್ ತಪ್ಪು, ಎಂದೆ, ಹೀಗೆ ಹೇಳಿ ಎಂದು ಯಾರೂ ಕಲಿಸಿರಲಿಲ್ಲ. ಚಿಲಕ ಸರಿಯಿತು, ಎರಡು ಪಾದ, ಮೇಲೆ ಆ ತಲೆ, ಒಂದು ಕಡೆ ಬೋಳು ಬೋಳು, ಇನ್ನೊಂದು ಕಡೆ ಹಾಗೇ ಇದೆ, ಬೆರಳು ಚಡಪಡಿಸುತ್ತಿವೆ, ತೊಡೆಯ ಕೆಳಗೆ ಹಾಕಿ ಅವುಗಳ ಮೇಲೇ ಕೂತಿದ್ದೇನೆ. ಹಿಂದೆ ಕೈ ಎಟಕಲಿಲ್ಲ, ಎಂದಳು, ಅತ್ತು ಅತ್ತು ದನಿ ಬಿದ್ದುಹೋಗಿದೆ, ನೀನೇ ಮಾಡು, ಆದ್ರೆ ತಿರುಗಿಸ್ಬೇಡ, ಬಾಯಲ್ಲಿ ಹೇಳು. ನನಗೆ ಬೆನ್ನು ಮಾಡಿ ಕೂತಳು, ಮೊಂಡು ಕತ್ತರಿಯನ್ನು ಭುಜದ ಮೇಲಿಂದ ಹಿಂದಕ್ಕೆ ಚಾಚಿದಳು. ತೆಗೆದುಕೊಂಡು ಕೈ ಎತ್ತಿದೆ, ಅವಳ ಭುಜಗಳೆರಡೂ ಕಿವಿಯವರೆಗೆ ಏರಿದವು, ಕೈ ಅಲ್ಲೇ ನಿಂತಿತು, ಭುಜ ಇಳಿಯುವವರೆಗೆ ನಿಂತೇ ಇತ್ತು. ಎಡಕ್ಕೆ, ಎಂದೆ, ಒಂಚೂರು ತಿರುಗ್ತೀಯಾ ಕಂದ — ಗಲ್ಲ, ಯಾರ ಬೆರಳೂ ತಾಗದ ಗಲ್ಲ, ತಿರುಗುತ್ತಿದೆ, ಎಡಕ್ಕಲ್ಲ, ಬಲಕ್ಕೆ, ಬೇಕಂತಲೇ ಬಲಕ್ಕೆ, ಇರಲಿ, ಅವಳಿಷ್ಟ, ಬಲಕ್ಕೆ, ಆ ಗಲ್ಲ —